ನಂಬರ್ ಪ್ಲೇಟಿನ ಮೇಲಣ ದಾನ

ಅಮೆರಿಕದ ಹಲವು ರಾಜ್ಯಗಳಲ್ಲಿ ವಾಹನದ ಮಾಲೀಕರು ಹೆಚ್ಚುವರಿ ಶುಲ್ಕ ತೆತ್ತು ವಿಶೇಷ ನಂಬರ್ ಪ್ಲೇಟು ಪಡೆಯಬಹುದು. ಅದರ ಮೇಲೆ ಒಂದು ಸೇವಾಸಂಸ್ಥೆಯ ಲಾಂಛನವೋ ಒಂದು ಘಟನೆಯ ಸ್ಮರಣಚಿತ್ರವೋ ಅಚ್ಚಾಗಿರುತ್ತದೆ, ಶುಲ್ಕದ ಒಂದು ಪಾಲು ಆ ಉದ್ದೇಶಕ್ಕೇ ಸಲ್ಲುತ್ತದೆ. 1986ರಲ್ಲಿ ಚಾಲೆಂಜರ್ ಗಗನನೌಕೆ ಸ್ಫೋಟಗೊಂಡು ಏಳು ಮಂದಿ ಮಡಿದ ಮೇಲೆ ಫ್ಲಾರಿಡಾ ರಾಜ್ಯ ಮರುವರ್ಷ ಹೊರತಂದ ಸ್ಮಾರಕ ಪ್ಲೇಟು ಇದಕ್ಕೆ ಹೆಸರಾಂತ ನಿದರ್ಶನ. ಭಾರತದಲ್ಲಿ ಇಂಥ ಏರ್ಪಾಡಿಲ್ಲ. ಕಾರವಾರದ ಸಾರಿಗೆ ಕಚೇರಿಯ ಕೆಎ-30 ಸರಣಿಯ ಪ್ಲೇಟಿನಲ್ಲಿ ನೋಂದಣಿ ಸಂಖ್ಯೆ, ಅಶೋಕಚಕ್ರದ ಹೊಲೊಗ್ರಾಮ್ ಮೊದಲಾದ ಸರಕಾರಿ ಗುರುತುಗಳಿಗಲ್ಲದೆ ದೇವರ ಹೆಸರಿಗಾಗಲಿ ಸಂಘದ ಹೆಸರಿಗಾಗಲಿ ಎಡೆಯಿಲ್ಲ. ಇದು ಕೊರತೆಯೋ ವಿವೇಕವೋ ಎಂದು ತಿಳಿಯಲು ದಾನವೆಂದರೇನು ಎಂಬಲ್ಲಿಂದಲೇ ಹೊರಡಬೇಕಾಗುತ್ತದೆ.

ಭಗವದ್ಗೀತೆಯ 17ನೆಯ ಅಧ್ಯಾಯದ ಪ್ರಕಾರ, ಕೊಡುವುದು ಕರ್ತವ್ಯವೆಂದು ತಿಳಿದು, ತಿರುಗಿ ಉಪಕಾರ ಮಾಡಲಾರದವರಿಗೆ ಕೊಟ್ಟದ್ದು ಸಾತ್ತ್ವಿಕ ದಾನ, ಪ್ರತಿಫಲ ಬಯಸಿ ಕೊಟ್ಟದ್ದು ರಾಜಸ ದಾನ. ತಾನು ಮಾಡಿದೆನೆಂಬ ಅಹಂಭಾವ ಬೆರೆತ ಸೇವೆಯನ್ನು ಬಸವಣ್ಣನವರೂ ಒಪ್ಪಲಿಲ್ಲ. ಈ ಅಳತೆಯಲ್ಲಿ ವಿಶೇಷ ಪ್ಲೇಟು ರಾಜಸವೇ ಸರಿ; ಅದರಿಂದ ಬಂದ ಹಣ ರೋಗಿಗೋ ಅನಾಥರಿಗೋ ತಲುಪಿದರೆ ಒಳಿತು ನಿಜ, ಆದರೆ ಕೊಟ್ಟವನಿಗೆ ತನ್ನ ಹಿರಿಮೆ ರಸ್ತೆಯುದ್ದಕ್ಕೂ ಕಾಣುವ ಪ್ರತಿಫಲವೂ ಅದರೊಡನೆ ಸಂದಿರುತ್ತದೆ.

ಕಾರವಾರದ ನೆರೆಯ ಅಂಕೋಲೆಯ ನೆಲದಲ್ಲಿ ಇನ್ನೊಂದು ಬಗೆಯ ಕೊಡುಗೆ ನಡೆದಿದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಸತ್ಯಾಗ್ರಹಿಗಳು ಬ್ರಿಟಿಷರ ಕಾನೂನು ಮುರಿದು ಉಪ್ಪು ತಯಾರಿಸಿದರು, ಆ ಉಪ್ಪು ಹರಾಜಿಗೂ ಬಂತು. ಮಣ್ಣು ಬೆರೆತ ಆ ಒಂದು ಹಿಡಿಗೆ ಬೆಲೆ ಕೂಗುವವರು ಚಳವಳಿಗೆ ನೆರವಾಗುವುದರ ಜೊತೆಗೆ ಸರಕಾರದ ಸಿಟ್ಟನ್ನೂ ಮೈಮೇಲೆ ಎಳೆದುಕೊಳ್ಳುತ್ತಿದ್ದರು. ಸಾರಿಗೆ ಇಲಾಖೆ ಇಂದು ನಡೆಸುವ ಫ್ಯಾನ್ಸಿ ನಂಬರಿನ ಹರಾಜಿನಲ್ಲಿ ಶುಭವೆಂದು ನಂಬಿದ ಅಂಕಿಗೆ ದೊಡ್ಡ ಮೊತ್ತ ತೆರುವವರಿಗೆ ದೊರೆಯುವುದು ಮನ್ನಣೆ; ಉಪ್ಪಿಗೆ ಹಣ ಕೊಟ್ಟವರ ಎದುರಿಗಿದ್ದದ್ದು ಜೈಲು. ಹರಾಜು ಎರಡೂ ಕಡೆ ಇದೆ, ಧರ್ಮ ಒಂದೇ ಕಡೆ ಇದೆ.

ದಾನ ರಾಜಸವಾಗುವುದು ವಿಶೇಷ ಪ್ಲೇಟಿನ ಮೊದಲ ತೊಡಕಾದರೆ, ಎರಡನೆಯದು ಪ್ಲೇಟಿನ ಮೇಲಿನ ಮಾತು ಯಾರದು ಎಂಬುದು. ನ್ಯೂ ಹ್ಯಾಂಪ್‌ಶೈರ್ ರಾಜ್ಯ, ಬದುಕಿದರೆ ಸ್ವತಂತ್ರನಾಗಿ ಬದುಕು, ಇಲ್ಲವೇ ಮಡಿ ಎಂಬರ್ಥದ ಘೋಷವಾಕ್ಯವನ್ನು ಎಲ್ಲರ ಪ್ಲೇಟಿಗೂ ಅಚ್ಚುಹಾಕಿಸಿತ್ತು. ಅದು ತನ್ನ ನಂಬಿಕೆಗೆ ಒಗ್ಗದೆಂದು ಯೆಹೋವನ ಸಾಕ್ಷಿ ಪಂಥದ ಜಾರ್ಜ್ ಮೇನಾರ್ಡ್ ಆ ವಾಕ್ಯವನ್ನು ಮುಚ್ಚಿ ಶಿಕ್ಷೆಗೆ ಗುರಿಯಾದಾಗ, 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾಗಿ ನಿಂತಿತು. ಅದೇ ಕೋರ್ಟು 2015ರಲ್ಲಿ ಟೆಕ್ಸಾಸಿನ ಮೊಕದ್ದಮೆಯಲ್ಲಿ ವಿಶೇಷ ಪ್ಲೇಟಿನ ಮಾತು ಸರಕಾರದ್ದೆಂದೂ, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣ ರಾಜ್ಯಗಳ ಕಾನ್ಫೆಡರೇಟ್ ಧ್ವಜವುಳ್ಳ ಪ್ಲೇಟನ್ನು ನಿರಾಕರಿಸುವ ಹಕ್ಕು ಅದಕ್ಕಿದೆಯೆಂದೂ ತೀರ್ಪಿತ್ತಿತು. ಭಕ್ತನೊಬ್ಬ ತನ್ನ ಇಷ್ಟದೈವವನ್ನು ಪ್ಲೇಟಿಗೆ ಏರಿಸಿದರೆ ಅದು ಸರಕಾರದ ಮಾತಾಗಿಬಿಡುತ್ತದೆ, ಯಾವ ದೈವಕ್ಕೆ ಜಾಗ, ಯಾವುದಕ್ಕಿಲ್ಲ ಎಂದು ಗುಮಾಸ್ತರು ತೀರ್ಮಾನಿಸಬೇಕಾಗುತ್ತದೆ. ಭಕ್ತಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಬೇಲೆಕೇರಿಯಂಥ ಬಂದರಿನ ಮೀನುಗಾರರು ಈ ತೊಡಕನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಐಎನ್‌ಡಿ-ಕೆಎ ಎಂದು ಮೊದಲಾಗುವ ನೋಂದಣಿ ಸಂಖ್ಯೆಯನ್ನು ಸರಕಾರ ಹೇಳಿದ ರೀತಿಯಲ್ಲೇ ಬರೆಸಿ, ದೇವರ ಹೆಸರನ್ನೋ ತಾಯಿಯ ಹೆಸರನ್ನೋ ತಮಗೆ ಬೇಕಾದ ಬಣ್ಣದಲ್ಲಿ ದೋಣಿಗೆ ಬೇರೆಯಾಗಿ ಬರೆಸುತ್ತಾರೆ. ಆಯುಧಪೂಜೆಯ ದಿನ ಲಾರಿಯ ಮುಂಭಾಗಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಕಟ್ಟಿ, ಗಾಲಿಯಡಿ ನಿಂಬೆಹಣ್ಣು ಇಡುವವರಿಗೂ ಪ್ಲೇಟಿನ ಮೇಲೆ ದೇವರ ಹೆಸರಿಲ್ಲವೆಂಬ ಕೊರಗಿಲ್ಲ. ರಾಷ್ಟ್ರಪತಿಗಳ ಕಾರೂ ನೋಂದಣಿ ಸಂಖ್ಯೆ ತೋರಿಸಬೇಕೆಂದು ದೆಹಲಿ ಹೈಕೋರ್ಟು 2018ರಲ್ಲಿ ಹೇಳಿದ ಮೇಲೆ, ಪ್ಲೇಟಿನ ಮುಂದೆ ಎಲ್ಲರೂ ಸಮಾನರೆಂಬುದು ಇನ್ನಷ್ಟು ಗಟ್ಟಿಯಾಗಿದೆ. ಈ ಸಮಾನತೆಯನ್ನು ಶುಲ್ಕಕ್ಕೆ ಮಾರಿಕೊಳ್ಳುವ ಪದ್ಧತಿ ಕರ್ನಾಟಕಕ್ಕೆ ಬೇಡ. ಸೇವಾಸಂಸ್ಥೆಗೆ ನೆರವಾಗಬಯಸುವವರು ಹಣವನ್ನು ನೇರವಾಗಿ ಅದಕ್ಕೇ ಕೊಡಲಿ.