ಇಕ್ಕಟ್ಟಿನ ಕಾಲದ ಗುರುತುಗಳು

ಧ್ಯಾನದ ವೇದಭಾಗ: ನೆಹೆಮೀಯನ ಗ್ರಂಥ, 5ನೆಯ ಅಧ್ಯಾಯ



ಬೇಸಾಯಗಾರನು ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದೊಡನೆ ಮೊದಲು ಆಕಾಶವನ್ನು ನೋಡುತ್ತಾನೆ. ಮೋಡದ ಬಣ್ಣ, ಗಾಳಿಯ ದಿಕ್ಕು, ಇರುವೆಗಳ ಸಾಲು, ಇವುಗಳನ್ನು ಕಂಡು ಮಳೆಯ ಸಂಗತಿಯನ್ನು ಹೇಳಬಲ್ಲನು. ನಮ್ಮ ಕರ್ತನು ತನ್ನ ಕಾಲದ ಜನರಲ್ಲಿಯೂ ಈ ಜಾಣತನವನ್ನು ಕಂಡನು. ಆದರೆ ಆಕಾಶವನ್ನು ಓದಬಲ್ಲ ಅವರು ಕಾಲದ ಲಕ್ಷಣವನ್ನು ಓದಲಾರದೆ ಹೋದದ್ದಕ್ಕೆ ಅವರನ್ನು ಗದರಿಸಿದನೆಂದು ಮತ್ತಾಯನ ಸುವಾರ್ತೆಯಲ್ಲಿ ಕಾಣುತ್ತೇವೆ. ಆತನು ಅಲ್ಲಿ ಹೇಳಿದ್ದು ದೇವರ ರಾಜ್ಯದ ವಿಷಯವೇ ಸರಿ. ಆದರೂ ನೆರೆಮನೆಯವನ ಕಷ್ಟವನ್ನು ಕಾಣದ ಕಣ್ಣು ದೇವರ ರಾಜ್ಯವನ್ನು ಕಾಣುವದು ಹೇಗೆ? ಆದಕಾರಣ ನಾವು ಈ ತಿಂಗಳು ನಮ್ಮ ಬೀದಿಯಲ್ಲಿಯೇ ತೋರುವ ಕೆಲವು ಗುರುತುಗಳನ್ನು ನೋಡಿ, ಅವುಗಳ ವಿಷಯದಲ್ಲಿ ಸತ್ಯವೇದವು ಕಲಿಸುವದನ್ನು ವಿಚಾರಿಸೋಣ.

ಮೊದಲನೆಯದಾಗಿ, ಗುರುತುಗಳು ಯಾವವು?

ಹಣದ ಮುಗ್ಗಟ್ಟು ಡಂಗುರ ಹೊಡಿಸಿಕೊಂಡು ಬರುವದಿಲ್ಲ. ಅದು ಮೊದಲು ದಿನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ತಿಂಗಳ ಕೊನೆಗೆ ಲೆಕ್ಕ ತೀರಿಸುತ್ತಿದ್ದ ಮನೆಯ ಹೆಸರಿನ ಕೆಳಗೆ ಎರಡು ತಿಂಗಳ ಬಾಕಿ ನಿಲ್ಲುತ್ತದೆ. ಲೀಟರಿನಲ್ಲಿ ಎಣ್ಣೆ ಕೊಳ್ಳುತ್ತಿದ್ದವರು ಚಿಕ್ಕ ಪೊಟ್ಟಣ ಕೊಳ್ಳುತ್ತಾರೆ. ಬೇಳೆ ಕಡಿಮೆಯಾಗಿ ಸಾರು ತಿಳಿಯಾಗುತ್ತದೆ. ಗ್ಯಾಸಿನ ಸಿಲಿಂಡರು ಮೂಲೆಯಲ್ಲಿ ಬರಿದಾಗಿ ನಿಂತಿರಲು ಹಿತ್ತಲಿನಲ್ಲಿ ಸೌದೆಯ ಹೊಗೆ ಮತ್ತೆ ಏಳುತ್ತದೆ. ಚಹದ ಅಂಗಡಿಯಲ್ಲಿ ಒಂದು ಲೋಟವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಹಬ್ಬ ಹತ್ತಿರವಾದರೂ ದರ್ಜಿಯ ಹೊಲಿಗೆಯಂತ್ರವು ಸುಮ್ಮನಿರುತ್ತದೆ. ಕೂಲಿಗಾಗಿ ವೃತ್ತದಲ್ಲಿ ನಿಂತ ಆಳುಗಳು ಹತ್ತು ಗಂಟೆಯಾದರೂ ಕರೆಯುವವರಿಲ್ಲದೆ, ಕಟ್ಟಿಕೊಂಡು ಬಂದ ಬುತ್ತಿಯನ್ನು ಹಾಗೆಯೇ ಹಿಡಿದು ಮನೆಗೆ ತಿರುಗುತ್ತಾರೆ. ಸಂತೆಗೆ ಹೋದರೆ ಹಾಲು ಕೊಡುವ ಹಸುವೂ ಗಬ್ಬದ ಆಡೂ ಮಾರಾಟಕ್ಕೆ ನಿಂತಿವೆ. ಕೊಳ್ಳುವವರಿಗಿಂತ ಮಾರುವವರೇ ಹೆಚ್ಚು. ತಳಪಾಯ ಮುಗಿದ ಮನೆಯ ಮೇಲೆ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತವೆ. ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದ ಮಗಳು ಹಬ್ಬವಿಲ್ಲದ ದಿನದಲ್ಲಿ ಪೆಟ್ಟಿಗೆ ಸಮೇತ ಬಂದಿಳಿಯುತ್ತಾಳೆ. ತಾಯಿಯ ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗಿ, ತೂತು ಮುಚ್ಚದಂತೆ ಕಡ್ಡಿ ಚುಚ್ಚಿರುತ್ತದೆ.

ಸಭೆಯಲ್ಲಿಯೂ ಗುರುತುಗಳುಂಟು. ಹಿಡಿಯಕ್ಕಿಯ ಪಾತ್ರೆ ತುಂಬುವದು ತಡವಾಗುತ್ತದೆ. ನಿಶ್ಚಯವಾದ ಮದುವೆ ಮುಂದಕ್ಕೆ ಹೋಗುತ್ತದೆ. ಇನ್ನೊಂದು ಗುರುತು ಇವೆಲ್ಲಕ್ಕಿಂತ ಭಾರವಾದದ್ದು: ಪ್ರತಿ ಭಾನುವಾರ ಬರುತ್ತಿದ್ದ ಒಂದು ಕುಟುಂಬದ ಸ್ಥಳವು ಬರಿದಾಗುತ್ತದೆ. ಅವರು ಭಕ್ತಿಯನ್ನು ಬಿಟ್ಟರೆಂದು ನಾವು ಅವಸರದಿಂದ ತೀರ್ಪು ಮಾಡಬಾರದು. ಕಾಣಿಕೆಗೆ ಹಾಕಲು ಏನೂ ಇಲ್ಲವೆಂಬ ನಾಚಿಕೆಯಿಂದಲೋ, ಸಾಲ ಕೊಟ್ಟವನು ಅದೇ ಸಾಲಿನಲ್ಲಿ ಕುಳಿತಿರುವನೆಂಬ ಭಯದಿಂದಲೋ ಅವರು ಮನೆಯಲ್ಲಿ ಉಳಿದಿರಬಹುದು.

ಎರಡನೆಯದಾಗಿ, ಇಂಥ ಕಾಲವು ನಮ್ಮ ದೇಶಕ್ಕೆ ಹೊಸದಲ್ಲ.

1876ರಿಂದ 1878ರ ವರೆಗಿನ ಮಹಾ ಬರದಲ್ಲಿ ಮಳೆ ಹೋಗಿ, ಧಾನ್ಯದ ಬೆಲೆಯು ಬಡವನ ಕೈಗೆ ಎಟಕದಷ್ಟು ಏರಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಆದರೆ 1929ರಲ್ಲಿ ಬಂದ ಕಷ್ಟದ ರೀತಿ ಬೇರೆ. ಆ ವರುಷದ ಅಕ್ಟೋಬರಿನಲ್ಲಿ ಅಮೇರಿಕದ ನ್ಯೂಯಾರ್ಕ್ ಪಟ್ಟಣದ ಷೇರು ಪೇಟೆ ಕುಸಿಯಿತು. ಕುಗ್ಗಿದ ವ್ಯಾಪಾರದ ಪೆಟ್ಟು ಸಮುದ್ರ ದಾಟಿ ಹಿಂದೂದೇಶದ ರೈತನಿಗೂ ತಗಲಿತು. ಕಣದಲ್ಲಿ ಬೆಳೆ ಇತ್ತು, ಆದರೆ ಬೆಲೆ ಇರಲಿಲ್ಲ. ಬೆಲೆ ಬಿದ್ದರೂ ಕಂದಾಯವೂ ಸಾಲವೂ ಬೀಳಲಿಲ್ಲ. ಬೆಲೆ ಅರ್ಧಕ್ಕೆ ಇಳಿದರೆ, ಮೊದಲು ಹತ್ತು ಮೂಟೆ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಇಪ್ಪತ್ತು ಮೂಟೆ ಬೇಕಾಗುವದಷ್ಟೆ. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಚಿನ್ನದ ನಾಣ್ಯಮಾನವನ್ನು ಬಿಟ್ಟ ಮೇಲೆ ಚಿನ್ನದ ಬೆಲೆ ಏರಿತು. ಇಕ್ಕಟ್ಟಿನಲ್ಲಿದ್ದ ಹಳ್ಳಿಯ ಮನೆಗಳ ಒಡವೆಗಳು ಮಾರಿಹೋಗಿ, ಕರಗಿ, ಹಡಗು ಹತ್ತಿದವು.

ನಮ್ಮ ಕಣ್ಣ ಮುಂದಿನ ವರುಷಗಳನ್ನು ನೋಡಿರಿ. 2020ರ ಮಾರ್ಚ್ 25ರಿಂದ ರೋಗದ ನಿಮಿತ್ತ ದೇಶವೆಲ್ಲಾ ಬಾಗಿಲು ಮುಚ್ಚಿದಾಗ, ಪಟ್ಟಣಗಳ ಕೂಲಿಗಾರರು ಗಂಟು ಹೊತ್ತು ಮಕ್ಕಳನ್ನು ಎತ್ತಿಕೊಂಡು ಕಾಲುನಡಿಗೆಯಿಂದ ಊರುಗಳಿಗೆ ಬಂದರು. 2023ರಲ್ಲಿ ಮಳೆ ಹೋದಾಗ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿತು. 2025ರ ಆರಂಭದಲ್ಲಿ, ಕಿರುಸಾಲದ ಕಂತು ಕಟ್ಟಲಾರದೆ, ವಸೂಲಿಗೆ ಬರುವವರ ಕಿರುಕುಳ ತಾಳಲಾರದೆ, ನಮ್ಮ ನಾಡಿನ ಹಲವು ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಪ್ರಾಣವನ್ನೇ ಕಳೆದುಕೊಂಡವರೂ ಇದ್ದರು.

ಮೂರನೆಯದಾಗಿ, ನೆಹೆಮೀಯನ ಕಾಲದಲ್ಲಿ ನಡೆದದ್ದೇನು?

ಪಾರಸಿಯ ಅರಸನ ಪಾನದಾಯಕನಾಗಿದ್ದ ನೆಹೆಮೀಯನು ಯೆರೂಸಲೇಮಿನ ಬಿದ್ದ ಗೋಡೆಯನ್ನು ಕಟ್ಟಿಸುತ್ತಿದ್ದನು. ಕೆಲಸವು ಬೇಗನೆ ಸಾಗುತ್ತಿತ್ತು. 52 ದಿವಸಗಳಲ್ಲಿ ಅದು ತೀರಿತೆಂದು ಮುಂದಿನ ಅಧ್ಯಾಯದಿಂದ ತಿಳಿಯುತ್ತದೆ. ಆದರೆ ಗೋಡೆ ಏಳುತ್ತಿರುವಾಗ ಗೋಡೆಯೊಳಗಿನ ಮನೆಗಳು ಬೀಳುತ್ತಿದ್ದವು. ಜನರೂ ಅವರ ಹೆಂಡಂದಿರೂ ಬಂದು ಕೂಗಿಕೊಂಡರು. ಆ ಕೂಗು ಮೂರು ವಿಧವಾಗಿತ್ತು. ಕೆಲವರಿಗೆ ಮಕ್ಕಳು ಹಲವರು, ಉಣ್ಣಲು ಧಾನ್ಯವಿಲ್ಲ. ಕೆಲವರು ಬರದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷೇತೋಟ, ಮನೆಗಳನ್ನು ಒತ್ತೆಯಿಟ್ಟಿದ್ದರು. ಇನ್ನು ಕೆಲವರು ಅರಸನ ತೆರಿಗೆ ಕಟ್ಟುವದಕ್ಕೆ ಸಾಲ ತೆಗೆದಿದ್ದರು. ಅವರ ಮಕ್ಕಳು ಜೀತಕ್ಕೆ ಹೋಗುತ್ತಿದ್ದರು. ಕೆಲವರ ಹೆಣ್ಣುಮಕ್ಕಳು ಆಗಲೇ ಹೋಗಿದ್ದರು.

ಪ್ರಿಯರೇ, ಇದನ್ನು ಚೆನ್ನಾಗಿ ಗಮನಿಸಿರಿ. ಆ ಹೊಲಗಳನ್ನು ಒತ್ತೆ ಹಿಡಿದವರು ಪರದೇಶದವರಲ್ಲ, ಅನ್ಯಮತದವರಲ್ಲ. ಅವರು ಅದೇ ದೇವರನ್ನು ಆರಾಧಿಸುವ ಸ್ವಂತ ಸಹೋದರರೇ ಆಗಿದ್ದರು. ಅದನ್ನು ಕೇಳಿದ ನೆಹೆಮೀಯನಿಗೆ ಬಹು ಕೋಪ ಬಂತು. ಆದರೂ ಅವನು ಒಡನೆ ಬಾಯಿ ತೆರೆಯದೆ ಮೊದಲು ತನ್ನ ಮನಸ್ಸಿನಲ್ಲಿ ಆಲೋಚಿಸಿದನು. ಬಳಿಕ ಶ್ರೀಮಂತರನ್ನೂ ಅಧಿಕಾರಿಗಳನ್ನೂ ಎದುರಿನಲ್ಲೇ ಗದರಿಸಿ, ದೊಡ್ಡ ಸಭೆ ಕೂಡಿಸಿ, ಹೊಲಗಳನ್ನೂ ಮನೆಗಳನ್ನೂ ನೂರರಲ್ಲಿ ಒಂದು ಪಾಲಿನ ಬಡ್ಡಿಯನ್ನೂ ಆ ದಿನವೇ ಹಿಂದಕ್ಕೆ ಕೊಡಬೇಕೆಂದು ಕೇಳಿದನು. ಅವರು ಒಪ್ಪಿಕೊಂಡದ್ದಕ್ಕೆ ಯಾಜಕರ ಮುಂದೆ ಆಣೆ ಮಾಡಿಸಿದನು. ತಾನಾದರೋ ಹನ್ನೆರಡು ವರುಷ ಅಧಿಪತಿಗೆ ಸಲ್ಲತಕ್ಕ ಭತ್ಯವನ್ನು ತೆಗೆದುಕೊಳ್ಳಲಿಲ್ಲ. ಯಾಕಂದರೆ ಜನರ ಹೊರೆ ಭಾರವಾಗಿತ್ತು.

ನಾಲ್ಕನೆಯದಾಗಿ, ಇದು ನಮಗೆ ಕಲಿಸುವದೇನು?

ಸಾಲ ಕೊಟ್ಟವರಿಗೆ ಮೊದಲು ಹೇಳುವೆವು. ನೆಹೆಮೀಯನು ಖಂಡಿಸಿದ ನೂರರ ಒಂದು ಪಾಲನ್ನು ತಿಂಗಳ ಬಡ್ಡಿಯೆಂದು ವೇದಪಂಡಿತರು ಸಾಮಾನ್ಯವಾಗಿ ವಿವರಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರು, ನೂರಕ್ಕೆ ಐದು ಎಂಬ ಮಾತು ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿರಿ. ಹತ್ತು ಸಾವಿರ ರೂಪಾಯಿಗೆ ನೂರಕ್ಕೆ ಮೂರರಂತೆ ವರುಷಕ್ಕೆ 3,600 ರೂಪಾಯಿ. ಐದರಂತೆ 6,000 ರೂಪಾಯಿ. ಹತ್ತರಂತೆ 12,000 ರೂಪಾಯಿ, ಅಂದರೆ ಒಂದೇ ವರುಷದಲ್ಲಿ ಅಸಲಿಗಿಂತಲೂ ಹೆಚ್ಚು, ಅಸಲು ಮಾತ್ರ ಹಾಗೆಯೇ ನಿಂತಿರುತ್ತದೆ. ಕರ್ತನ ಪಂಕ್ತಿಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗೊಂಡವನಿಂದ ಸೋಮವಾರ ಇಂಥ ಬಡ್ಡಿಯನ್ನು ಎಣಿಸಿಕೊಳ್ಳುವದು ಹೇಗೆ? ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಬಡವನ ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದೆಂದು ವಿಧಿಸುತ್ತದೆ. ಅದು ಅವನ ಮನೆಯ ಜೀವವೇ. ಒತ್ತೆ ಕೇಳಲು ಹೋದವನು ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕೆಂದೂ ಅದೇ ಅಧ್ಯಾಯದಲ್ಲಿದೆ. ಬಡವನ ಹೊಸ್ತಿಲಿಗೂ ಮಾನವುಂಟೆಂದು ದೇವರು ಎಣಿಸಿದ್ದಾನೆ.

ಕೆಲಸ ಮಾಡಿಸುವವರು, ಕೂಲಿಯನ್ನು ಸೂರ್ಯ ಮುಳುಗುವ ಮುಂಚೆ ಕೊಡಬೇಕೆಂಬ ಅಲ್ಲಿನ ಆಜ್ಞೆಯನ್ನು ನೆನಸಿರಿ. ಇಕ್ಕಟ್ಟಿನ ಕಾಲದಲ್ಲಿ ನಾಳೆ ಬಾ ಎನ್ನುವದು ಆಳಿನ ರಾತ್ರಿಯ ಊಟವನ್ನು ತೆಗೆಯುವದೇ ಆಗಿದೆ.

ಸಾಲದಲ್ಲಿರುವ ಸಹೋದರ ಸಹೋದರಿಯರಿಗೂ ಪ್ರೀತಿಯಿಂದ ಒಂದು ಮಾತು. ಎರಡನೆಯ ಅರಸುಗಳ ಗ್ರಂಥದ 4ನೆಯ ಅಧ್ಯಾಯದಲ್ಲಿ ಒಬ್ಬ ವಿಧವೆಯ ಇಬ್ಬರು ಗಂಡುಮಕ್ಕಳನ್ನು ಸಾಲಗಾರನು ಜೀತಕ್ಕೆ ಒಯ್ಯಲು ಬಂದಿದ್ದನು. ಆಕೆ ಅದನ್ನು ಬಚ್ಚಿಡದೆ ಎಲೀಷನಿಗೆ ಹೇಳಿದಳು. ಮನೆಯಲ್ಲಿ ಏನಿದೆಯೆಂದು ಅವನು ಕೇಳಿದಾಗ ಇದ್ದ ಸ್ವಲ್ಪ ಎಣ್ಣೆಯನ್ನು ತಿಳಿಸಿದಳು. ನೆರೆಯವರು ಬರಿದಾದ ಪಾತ್ರೆಗಳನ್ನು ಕೊಟ್ಟರು. ದೇವರು ಅವುಗಳನ್ನು ತುಂಬಿಸಿದನು. ಆಕೆ ಎಣ್ಣೆ ಮಾರಿ ಮೊದಲು ಸಾಲ ತೀರಿಸಿ, ಉಳಿದದ್ದರಿಂದ ಮಕ್ಕಳೊಂದಿಗೆ ಜೀವಿಸಿದಳು. ಆದಕಾರಣ ಇರುವದನ್ನು ಇದ್ದಂತೆ ಹೇಳಿರಿ. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವದು ಹುಣ್ಣಿನ ಮೇಲೆ ಬಟ್ಟೆ ಮುಚ್ಚಿದ ಹಾಗೆ. ಒಳಗೆ ಅದು ಬೆಳೆಯುತ್ತಲೇ ಇರುವದು. ಗುಂಪು ಸಾಲದಲ್ಲಿ ಒಬ್ಬಾಕೆ ತಪ್ಪಿದರೆ ಉಳಿದವರ ತಲೆಗೆ ಬೀಳುವದರಿಂದ ನೆರೆಯ ಹೆಂಗಸರೇ ವೈರಿಗಳಾಗುತ್ತಾರೆ. ಬಡಕುಟುಂಬಗಳ ಇಂಥ ಸಾಲಗಳ ಕಂತುಗಳೆಲ್ಲಾ ಸೇರಿ ಮನೆಯ ತಿಂಗಳ ವರಮಾನದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಹಾಕಿತು. ಮದುವೆಯ ಆಡಂಬರಕ್ಕಾಗಿ ಸಾಲ ಎತ್ತುವ ಮುಂಚೆ ಈ ಲೆಕ್ಕವನ್ನಾದರೂ ನೋಡಿಕೊಳ್ಳಿರಿ.

ವಸೂಲಿಗಾಗಿ ಹೆದರಿಸುವವರು ಬಂದರೆ ಊರು ಬಿಡಬೇಡಿರಿ, ಜೀವದ ಮೇಲೆ ಕೈ ಮಾಡಬೇಡಿರಿ. 2025ರ ಫೆಬ್ರವರಿ 12ರಂದು ಕರ್ನಾಟಕದಲ್ಲಿ ಜಾರಿಗೆ ಬಂದ ಸುಗ್ರೀವಾಜ್ಞೆಯು ಬಲಾತ್ಕಾರದ ವಸೂಲಿಗೆ ಹತ್ತು ವರುಷಗಳ ವರೆಗೆ ಸೆರೆಮನೆಯನ್ನೂ ಐದು ಲಕ್ಷ ರೂಪಾಯಿಗಳ ವರೆಗೆ ದಂಡವನ್ನೂ ವಿಧಿಸಿತು. ಬಳಿಕ ಅದೇ ಕಾನೂನಾಯಿತು. ನ್ಯಾಯವಾಗಿ ತೆಗೆದ ಸಾಲವನ್ನು ಕ್ರೈಸ್ತನು ತೀರಿಸಲೇಬೇಕು. ಆದರೆ ಯಾವ ಸಾಲವೂ ದೇವರ ಸ್ವರೂಪದಲ್ಲಿ ಉಂಟಾದ ಮನುಷ್ಯನ ಪ್ರಾಣದಷ್ಟು ಬೆಲೆಯುಳ್ಳದ್ದಲ್ಲ. ಸಭೆಯ ಹಿರಿಯರಲ್ಲಿ ಇಬ್ಬರನ್ನು ಸಂಗಡ ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿರಿ.

ಸಭೆಗೆ ಕಡೆಯ ಮಾತು. ರೂತಳು ತೆನೆ ಆಯಲು ಬಂದಾಗ ಬೋವಜನು ತನ್ನ ಆಳುಗಳಿಗೆ, ಅವಳನ್ನು ನಾಚಿಕೆಪಡಿಸದೆ ಬೇಕೆಂದೇ ತೆನೆಗಳನ್ನು ಬಿಡುವ ಹಾಗೆ ಅಪ್ಪಣೆಕೊಟ್ಟನು. ಕೊಡುವದಕ್ಕೂ ಒಂದು ಮರ್ಯಾದೆ ಉಂಟೆಂದು ಇದರಿಂದ ಕಲಿಯೋಣ. ಬಡವರ ನಿಧಿಯಿಂದ ಸಹಾಯ ಪಡೆದವರ ಹೆಸರನ್ನು ಬಾವಿಯ ಕಟ್ಟೆಯಲ್ಲಿ ಆಡಬೇಡಿರಿ. ಅಪ್ಪನಿಗೆ ಕೆಲಸ ಹೋಯಿತೆಂದು ಮಗುವಿನ ಶಾಲೆ ನಿಲ್ಲದಂತೆ ನೋಡಿಕೊಳ್ಳಿರಿ. ಬರಿದಾದ ಸ್ಥಳವನ್ನು ಕಂಡರೆ, ಅದೇ ಸಾಯಂಕಾಲ ಆ ಮನೆಗೆ ಹೋಗಿರಿ. ಇದು ಅವರ ಪಾಪದ ಫಲವೆಂದು ಹೇಳುವವರಿಗೆ, ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಮಿಕ್ಕವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ಕರ್ತನು ಲೂಕನ ಸುವಾರ್ತೆಯಲ್ಲಿ ಕಲಿಸಿದ್ದನ್ನು ಜ್ಞಾಪಕಪಡಿಸಿರಿ.

ಆಲಯದ ಕಾಂಪೌಂಡಿಗೆ ಗೋಡೆ ಕಟ್ಟುವದು ಒಳ್ಳೆಯದೇ. ಆದರೆ ಈ ವರುಷ ಗೋಡೆ ಮೊದಲೋ, ಗೋಡೆಯೊಳಗಿನ ಮನೆ ಮೊದಲೋ ಎಂದು ಹಿರಿಯರ ಕೂಟದಲ್ಲಿ ಕೇಳಿರಿ. ನೆಹೆಮೀಯನು ಕಟ್ಟುವ ಕೆಲಸದ ನಡುವೆಯೇ ಬಡವರ ಕೂಗನ್ನು ಕೇಳಿದನು. ಗೋಡೆಯೂ ತೀರಿತು, ಜನರೂ ಉಳಿದರು.

ಐಶ್ವರ್ಯವಂತನಾಗಿದ್ದು ನಮಗೋಸ್ಕರ ಬಡವನಾದ ಕರ್ತನು, ಕೊಡುವವರ ಕೈಯನ್ನು ಬಿಚ್ಚಿ, ಪಡೆಯುವವರ ತಲೆಯನ್ನು ಎತ್ತಿ, ನಮ್ಮೆಲ್ಲರನ್ನೂ ಒಂದೇ ಮನೆಯವರಾಗಿ ಕಾಪಾಡಲಿ. ಆಮೆನ್.