ಜಾಗ ಬಿಟ್ಟು ಬರೆದ ಹೆಸರು

ಅಪ್ಪ ಹೋಗಿ ಎರಡು ವರ್ಷ ಆಗಿತ್ತು. ಒಂದು ಭಾನುವಾರ, ಮನೆಯ ಹಾರ್ಡ್‌ಡಿಸ್ಕ್ ತುಂಬಿಹೋಗಿದೆ ಅಂತ ಕ್ಲೀನ್ ಮಾಡೋಕೆ ಕೂತೆ. ಅದರಲ್ಲಿ ‘ಅಪ್ಪ’ ಅಂತ ಒಂದು ಫೋಲ್ಡರ್. ಫೋಟೋಗಳು, ಜೊತೆಗೆ ನನ್ನ ಹಳೇ ಫೋನಿಂದ ಉಳಿಸಿಟ್ಟಿದ್ದ ಅವರ ವಾಯ್ಸ್ ಮೆಸೇಜುಗಳು. ತಂಗಿ ಮಾಡಿಟ್ಟಿದ್ದ ‘ಅಪ್ಪ ಹಳೇದು’ ಅನ್ನೋ ಇನ್ನೊಂದು ಫೋಲ್ಡರಲ್ಲಿ ಅವೇ ಫೋಟೋಗಳ ನಕಲು. ಇಂಥ ಬೇಡದ ಫೋಲ್ಡರುಗಳನ್ನೆಲ್ಲ ಪಟ್ಟಿ ಮಾಡಿ, ಅಳಿಸೋಕೆ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದೆ. ಹತ್ತು ವರ್ಷದಿಂದ ಇದೇ ಕೆಲಸಕ್ಕೆ ಸಂಬಳ ತಗೊಳ್ತಿರೋನು ನಾನು.

ಹೆಸರಿನ ಸುತ್ತ ಡಬಲ್ ಕೋಟ್ಸ್ ಹಾಕೋದು ಮರೆತಿದ್ದೆ. ಮರೆತರೆ ಶೆಲ್ ಹೆಸರನ್ನ ಸ್ಪೇಸ್ ಇದ್ದಲ್ಲಿ ತುಂಡು ಮಾಡುತ್ತೆ. ‘ಅಪ್ಪ’ ಬೇರೆ, ‘ಹಳೇದು’ ಬೇರೆ ಆಯ್ತು. ‘ಹಳೇದು’ ಅನ್ನೋದು ಇರಲೇ ಇಲ್ಲ. ‘ಅಪ್ಪ’ ಇತ್ತು. ಏನನ್ನೂ ಕೇಳದೆ ಅಳಿಸು ಅಂತ ನಾನೇ ಹೇಳಿದ್ದರಿಂದ ‘ಆರ್‌ಎಂ’ ಕಮಾಂಡ್ ತುಟಿಪಿಟಿಕ್ ಅನ್ನಲಿಲ್ಲ. ಫೋಟೋಗಳು ನಕಲಿನಲ್ಲಿ ಉಳಿದವು. ದನಿ ಹೋಯಿತು.

ಸಿಟ್ಟಲ್ಲಿ ತಂಗಿಗೆ ಫೋನ್ ಮಾಡಿದೆ.

“ಫೋಲ್ಡರ್ ಹೆಸರಲ್ಲಿ ಯಾರಾದ್ರೂ ಸ್ಪೇಸ್ ಬಿಡ್ತಾರೇನೇ?”

“ಮತ್ತೆ ಎಲ್ರೂ ಹಂಗೇ ತಾನೆ ಅಣ್ಣಾ ಬರೆಯೋದು?”

ನನ್ನ ಹತ್ರ ಉತ್ತರ ಇರಲಿಲ್ಲ. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಸಲ್ಲದ್ದು ಎರಡೇ: ಸ್ಲ್ಯಾಶ್ ಮತ್ತು ನಲ್ ಬೈಟ್. ಸ್ಪೇಸ್, ಸ್ಟಾರ್, ಮೊದಲಲ್ಲೇ ಹೈಫನ್, ಕೊನೆಗೆ ಹೊಸ ಸಾಲು ಕೂಡ ನಡೆಯುತ್ತೆ. ಅವಳು ಯಾವ ನಿಯಮವನ್ನೂ ಮುರಿದಿರಲಿಲ್ಲ. ‘ಸ್ಪೆಷಲ್ ಕ್ಯಾರೆಕ್ಟರ್’ ಅಂತೀವಲ್ಲ, ಅವು ಸ್ಪೆಷಲ್ ಆಗಿರೋದು ನಮ್ಮ ಸ್ಕ್ರಿಪ್ಟಿಗೆ. ಬರೆದವರಿಗಲ್ಲ.

ಆನ್‌ಲೈನ್ ಫಾರ್ಮುಗಳು ‘ಲಾಸ್ಟ್ ನೇಮ್ ಕಡ್ಡಾಯ’ ಅಂದಾಗ ರೇಗಾಡೋನೂ ಇದೇ ನಾನು. ನನಗಿರೋದು ಒಂದು ಹೆಸರು, ಜೊತೆಗೆ ಅಪ್ಪನ ಇನಿಷಿಯಲ್. ಆ ಒಂದಕ್ಷರ ಹಾಕಿದರೆ ‘ಸರಿಯಾದ ಹೆಸರು ಕೊಡಿ’ ಅನ್ನುತ್ತೆ. ಅಂಥ ಫಾರ್ಮ್ ಬರೆದವರು ಕೆಟ್ಟವರೇನಲ್ಲ. ಎಲ್ಲರ ಹೆಸರೂ ತಮ್ಮದರ ಹಾಗೇ ಇರುತ್ತೆ ಅಂದುಕೊಂಡಿರ್ತಾರೆ, ಅಷ್ಟೆ. ನಾನೂ ಅದನ್ನೇ ಮಾಡಿದ್ದು. ಆದರೆ ನನ್ನ ಕೈಯಲ್ಲಿ ಅಳಿಸೋ ಅಧಿಕಾರ ಇತ್ತು. ಹೆಸರಿಡೋರು ತಮಗೆ ತೋಚಿದ ಹಾಗೆ ಇಡಬಹುದು. ಅಳಿಸೋರಿಗೆ ಆ ಸಲಿಗೆ ಇಲ್ಲ. ಎಚ್ಚರ ಅಳಿಸೋರ ಹೊಣೆ.

ಈಗ ಹೆಸರು ಯಾವಾಗಲೂ ಕೋಟ್ಸ್ ಒಳಗೇ. ಅದಕ್ಕೂ ಮೊದಲು ಎರಡು ಹೈಫನ್, ಹೈಫನ್‌ನಿಂದ ಶುರುವಾಗೋ ಹೆಸರನ್ನ ‘ಆರ್‌ಎಂ’ ತನಗೆ ಕೊಟ್ಟ ಆಜ್ಞೆ ಅಂದುಕೊಳ್ಳದಿರಲಿ ಅಂತ. ‘ಫೈಂಡ್’ನಿಂದ ಪಟ್ಟಿ ತೆಗೆದರೆ ಹೆಸರುಗಳ ನಡುವೆ ನಲ್ ಬೈಟ್, ಅದು ಯಾವ ಹೆಸರಿನೊಳಗೂ ಇರೋಕೆ ಸಾಧ್ಯವಿಲ್ಲ. ಮೊದಲ ಸಲ ಓಡಿಸುವಾಗ ಏನೇನು ಹೋಗುತ್ತೆ ಅಂತ ತೋರಿಸೋಕಷ್ಟೇ ಹೇಳ್ತೀನಿ. ಆಮೇಲೂ ಅಳಿಸಲ್ಲ, ‘ಕಸ’ ಅನ್ನೋ ಫೋಲ್ಡರಿಗೆ ಸರಿಸಿ ಒಂದು ತಿಂಗಳು ಬಿಡ್ತೀನಿ.

‘ಅಪ್ಪ ಹಳೇದು’ ಇನ್ನೂ ಇದೆ. ಸ್ಪೇಸ್ ತೆಗೆದು ಅಂಡರ್‌ಸ್ಕೋರ್ ಹಾಕಿಬಿಡೋಣ ಅಂತ ಒಂದ್ಸಲ ಅನಿಸಿತ್ತು. ಹಾಕಲಿಲ್ಲ. ಅವಳು ಬರೆದ ಹಾಗೇ ಇರಲಿ.