ಸಂಗ ಮತ್ತು ಹಂಗು

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ನೋಡಿದವರು ಹೆಂಡವೆಂದೇ ತಿಳಿಯುತ್ತಾರೆ. ಲೋಕದ ಕಣ್ಣು ಎಂಥದೆಂದು ಈ ಗಾದೆ ಸರಿಯಾಗಿಯೇ ಹೇಳುತ್ತದೆ. ಆದರೆ ನೋಡುವವರೇ ತೀರ್ಪು ಕೊಡುವವರೂ ಆದಾಗ ಅದು ಹೇಳದೆ ಬಿಟ್ಟದ್ದೂ ನೆನಪಿರಬೇಕು: ಅವನು ಕುಡಿದದ್ದು ಮಜ್ಜಿಗೆ. ಚುನಾವಣೆ ಬಂತೆಂದರೆ ಮತದಾರನೇ ತೀರ್ಪುಗಾರ. ಅವನ ಕಿವಿಗೆ ಬೀಳುವುದು ಬಹುಪಾಲು ಈಚಲು ಮರದ ಸುದ್ದಿಯೇ. ಯಾರು ಯಾರ ಜತೆ ಫೋಟೋ ತೆಗೆಸಿಕೊಂಡರು, ಯಾರ ಮನೆಯ ಮದುವೆಗೆ ಹೋದರು, ಯಾರ ಮಗ, ಯಾವ ಜನ. ಅಮೆರಿಕದ ರಾಜಕಾರಣದಲ್ಲಿ ಈಚಿನ ವರ್ಷಗಳಲ್ಲಿ ಕತಾರ್ ಎಂಬ ಪುಟ್ಟ ದೇಶದ ಹೆಸರೇ ಅಂಥದೊಂದು ಮರವಾಗಿದೆ. ಆ ಹೆಸರಿನ ಸುತ್ತ ನಡೆದ ಕೆಲವು ಸಂಗತಿಗಳನ್ನು ಮುಂದಿಟ್ಟುಕೊಂಡು ಹಳೆಯ ಧರ್ಮಪ್ರಶ್ನೆಯೊಂದನ್ನು ಕೇಳಬೇಕಾಗಿದೆ. ಒಬ್ಬರ ಸಹವಾಸ ಅವರ ತಪ್ಪಾಗುವುದು ಯಾವಾಗ? ಡಾಂಭಿಕರು ಎನ್ನಬೇಕಾದದ್ದು ಯಾರನ್ನು? ನನ್ನ ಉತ್ತರ ಇಷ್ಟು: ತೂಗಬೇಕಾದದ್ದು ಸಂಗವನ್ನಲ್ಲ, ಹಂಗನ್ನು.

ಮೊದಲು ಸಂಗದ ಮಾತು. ಕತಾರಿನ ರಾಜಧಾನಿ ದೋಹಾದ ನೈರುತ್ಯಕ್ಕಿರುವ ಅಲ್ ಉದೈದ್, ಪಶ್ಚಿಮ ಏಷ್ಯಾದಲ್ಲಿ ಅಮೆರಿಕದ ಅತಿ ದೊಡ್ಡ ಸೇನಾ ನೆಲೆ. ದೋಹಾದಲ್ಲೇ 2012ರಿಂದ ಹಮಾಸ್‌ನ ರಾಜಕೀಯ ಕಚೇರಿ ನಡೆಯಿತು. 2013ರಲ್ಲಿ ತಾಲಿಬಾನಿನ ಕಚೇರಿ ತೆರೆಯಿತು. ತಾಲಿಬಾನಿನ ಜತೆ ಅಮೆರಿಕ 2020ರ ಫೆಬ್ರವರಿ 29ರಂದು ಒಪ್ಪಂದಕ್ಕೆ ಸಹಿ ಹಾಕಿದ್ದೂ ದೋಹಾದಲ್ಲೇ. ಜಗಳ ಬಿಡಿಸುವವನು ಜಗಳವಾಡುವ ಇಬ್ಬರ ಮನೆಗೂ ಹೋಗಲೇಬೇಕು. ಒಂದು ಮನೆಯ ಹೊಸ್ತಿಲನ್ನೂ ತುಳಿಯದವನಿಂದ ರಾಜಿ ಆಗದು. ಹೀಗಿರುವಾಗ ದೋಹಾದಲ್ಲಿ ಕೂತು ಬಂದದ್ದೇ ಅಪರಾಧವಾದರೆ ಅಮೆರಿಕದ ಸರ್ಕಾರವೂ ಅದರಿಂದ ತಪ್ಪಿಸಿಕೊಳ್ಳಲಾರದು. ಇನ್ನು ಮಾತು ಬದಲಾದ ಪ್ರಸಂಗ. 2017ರ ಜೂನ್‌ನಲ್ಲಿ ಸೌದಿ ಅರೇಬಿಯಾ ಮತ್ತು ಅದರ ಮಿತ್ರರು ಕತಾರಿಗೆ ದಿಗ್ಬಂಧನ ಹಾಕಿದಾಗ, ಆ ದೇಶ ಭಯೋತ್ಪಾದನೆಗೆ ಹಣ ಕೊಡುತ್ತದೆ ಎಂದು ಬಹಿರಂಗವಾಗಿ ಹೇಳಿದವರು ಅಧ್ಯಕ್ಷ ಟ್ರಂಪ್. 2025ರ ಮೇ ತಿಂಗಳಲ್ಲಿ ಅದೇ ದೇಶ ಕೊಟ್ಟ, ಸುಮಾರು 40 ಕೋಟಿ ಡಾಲರ್ ಬೆಲೆಯೆನ್ನಲಾದ ಬೋಯಿಂಗ್ ವಿಮಾನವನ್ನು ಅವರ ಸರ್ಕಾರ ಸ್ವೀಕರಿಸಿತು. ಅಭಿಪ್ರಾಯ ಬದಲಾಗುವುದು ತಪ್ಪಲ್ಲ. ಉಡುಗೊರೆ ಎಲ್ಲರೆದುರೇ ಬಂತು ಎಂಬ ಸಮಜಾಯಿಷಿಯಲ್ಲೂ ಹುರುಳಿದೆ. ಆದರೆ ಬದಲಾದದ್ದಕ್ಕೆ ಕಾರಣ ಕೊಡದಿದ್ದರೆ, ನಡುವೆ ಬಂದ ಉಡುಗೊರೆಯೇ ಕಾರಣದ ಜಾಗದಲ್ಲಿ ಕೂರುತ್ತದೆ. ಬಹಿರಂಗವಾಗಿ ಪಡೆದದ್ದರಿಂದ ಗುಟ್ಟಿನ ದೋಷ ಹೋಗುತ್ತದೆ, ಹಂಗು ಹೋಗುವುದಿಲ್ಲ.

ಸಂಗಗಳಲ್ಲೆಲ್ಲ ನಮ್ಮ ಕೈಯಲ್ಲಿ ಇಲ್ಲದ್ದು ಹುಟ್ಟಿನ ಸಂಗ. ಕತಾರಿನ ಶಾಸನಸಭೆಯಾದ ಷೂರಾ ಪರಿಷತ್ತಿಗೆ 2021ರ ಅಕ್ಟೋಬರ್ 2ರಂದು ಮೊದಲ ಬಾರಿಗೆ ಚುನಾವಣೆ ನಡೆಯಿತು. 45 ಸ್ಥಾನಗಳಲ್ಲಿ 30ಕ್ಕೆ ಮತದಾನ, ಉಳಿದ 15 ದೊರೆಯ, ಅಂದರೆ ಅಮೀರರ, ನೇಮಕ. ಆ ವರ್ಷ ಜುಲೈನಲ್ಲಿ ಹೊರಬಂದ ಕಾನೂನಿನ ಪ್ರಕಾರ ಮೂಲ ಕತಾರಿಗಳು ಮಾತ್ರ ಅಭ್ಯರ್ಥಿಗಳಾಗಬಹುದಿತ್ತು. ಪೌರತ್ವ ಆಮೇಲೆ ಸಿಕ್ಕವರಾದರೆ, ಅವರ ಅಜ್ಜ ಕತಾರಿನಲ್ಲೇ ಹುಟ್ಟಿದ್ದರೆ ಮಾತ್ರ ಮತ ಹಾಕುವ ಹಕ್ಕು. 1930ಕ್ಕೆ ಮುಂಚೆ ಅಲ್ಲಿ ನೆಲೆಸಿದವರ ವಂಶವೇ ಮೂಲದ ವಂಶ ಎಂಬುದು ಪೌರತ್ವ ಕಾನೂನಿನ ಲೆಕ್ಕ. ಇದರಿಂದ ಅಲ್ ಮುರ್ರಾ ಬುಡಕಟ್ಟಿನ ಅನೇಕರು ಹೊರಗುಳಿದರು. ಪ್ರತಿಭಟಿಸಿದ ಕೆಲವರ ಬಂಧನವೂ ಆಯಿತು. ಅವರ ನಡತೆಯನ್ನು ಯಾರೂ ವಿಚಾರಿಸಲಿಲ್ಲ, ವಿಚಾರಿಸಿದ್ದು ಅಜ್ಜನ ಹುಟ್ಟೂರನ್ನು. 2024ರ ಅಕ್ಟೋಬರಿನಲ್ಲಿ ಅಮೀರ್ ತಮೀಮ್ ಅವರೇ, ಈ ಸ್ಪರ್ಧೆ ಕುಟುಂಬ ಬುಡಕಟ್ಟುಗಳ ಒಳಗೇ ನಡೆಯಿತೆಂದು ಹೇಳಿ ನೇಮಕದ ಪದ್ಧತಿಗೆ ಮರಳುವ ತಿದ್ದುಪಡಿಯನ್ನು ಮುಂದಿಟ್ಟರು. ನವೆಂಬರಿನ ಜನಮತಗಣನೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಅದಕ್ಕೆ ಒಪ್ಪಿದರು. ವಂಶವನ್ನೇ ತಕ್ಕಡಿ ಮಾಡಿಕೊಂಡ ಚುನಾವಣೆ ವಂಶಗಳ ಜಗಳವಾಗುವುದು ಸಹಜ. ಅದಕ್ಕೆ ಮದ್ದು ತಕ್ಕಡಿಯನ್ನು ಬದಲಿಸುವುದಾಗಿತ್ತು; ತೂಗುವುದನ್ನೇ ಬಿಟ್ಟದ್ದು ಸರಿಯಾದ ದಾರಿಯೆಂದು ನನಗೆ ತೋರುವುದಿಲ್ಲ.

ಈ ದೋಷ ಅರಬ್ಬೀ ಮರಳುಗಾಡಿಗೆ ಮೀಸಲಲ್ಲ. ಅಮೆರಿಕದ ನ್ಯೂಜೆರ್ಸಿಯ 8ನೇ ಸಂಸತ್ ಕ್ಷೇತ್ರದಲ್ಲಿ 2024ರ ಜೂನ್ 4ರಂದು ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ, ಅಂದರೆ ಪ್ರೈಮರಿ, ನಡೆಯಿತು. ಒಂದು ಕಡೆ ಹಾಲಿ ಸದಸ್ಯ ರಾಬ್ ಮೆನೆಂಡೆಜ್, ಇನ್ನೊಂದು ಕಡೆ ಹೊಬೋಕನ್ ನಗರದ ಆಗಿನ ಮೇಯರ್ ರವಿ ಭಲ್ಲಾ. ರಾಬ್ ಅವರ ತಂದೆ, ಸೆನೆಟರ್ ಬಾಬ್ ಮೆನೆಂಡೆಜ್, ಅದೇ ಹೊತ್ತಿಗೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಲಂಚದ ಆರೋಪ ಎದುರಿಸುತ್ತಿದ್ದರು. ಭಲ್ಲಾ ಅವರಿಗೆ ಸಂಗದೋಷದ ನೋವು ಗೊತ್ತಿತ್ತು. 2017ರಲ್ಲಿ ಅವರು ಮೇಯರ್ ಹುದ್ದೆಗೆ ನಿಂತಾಗ, ಪೇಟ ಕಟ್ಟಿದ ಸಿಖ್ ಎಂಬ ಒಂದೇ ಕಾರಣಕ್ಕೆ ಅವರ ಚಿತ್ರ ಹಾಕಿ, ಭಯೋತ್ಪಾದನೆ ನಮ್ಮೂರನ್ನು ಆಕ್ರಮಿಸದಿರಲಿ ಎಂಬ ಕರಪತ್ರ ಹಂಚಿದ್ದರು. ಪೇಟಕ್ಕೂ ಭಯೋತ್ಪಾದನೆಗೂ ಗಂಟು ಹಾಕಿದ ಆ ನೀಚತನವನ್ನು ಊರು ತಳ್ಳಿಹಾಕಿತು, ಅವರು ಗೆದ್ದರು. ಏಳು ವರ್ಷದ ನಂತರ ಎದುರಾಳಿಯ ಮನೆತನದ ಹೆಸರೇ ಚರ್ಚೆಯಾದಾಗ ಅಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿದ್ದವು. ಅಪ್ಪನ ಅಪರಾಧ ಮಗನದೂ ಹೌದೇ? ಖಂಡಿತ ಅಲ್ಲ. ಮಗನಿಗೆ ಸ್ಥಾನ ಸಿಕ್ಕಿದ್ದು ಅಪ್ಪನ ಪ್ರಭಾವದಿಂದಲೇ? ಇದು ಕೇಳಲೇಬೇಕಾದ ಪ್ರಶ್ನೆ. ಮೊದಲನೆಯದು ರಕ್ತವನ್ನು ಹಿಡಿದು ಕೇಳಿದ್ದು, ಎರಡನೆಯದು ಪಡೆದುಕೊಂಡದ್ದನ್ನು ಹಿಡಿದು ಕೇಳಿದ್ದು. ಮತದಾರರು ಮಗನನ್ನು ಗೆಲ್ಲಿಸಿದರು.

ತಂದೆಯ ಕಥೆಯಲ್ಲಿ ಹಂಗು ಹೇಗಿರುತ್ತದೆಂದು ಹತ್ತಿರದಿಂದ ಕಾಣುತ್ತದೆ. ಅಧಿಕಾರಿಗಳು ಮನೆ ಶೋಧಿಸಿದಾಗ ನೋಟು ತುಂಬಿದ ಲಕೋಟೆಗಳು ಸಿಕ್ಕಿದ್ದು ಕಪಾಟಿನಲ್ಲಿ ನೇತುಹಾಕಿದ್ದ ಕೋಟುಗಳ ಜೇಬಿನಲ್ಲಿ. ಕೆಲವು ಕೋಟುಗಳ ಮೇಲೆ ಅವರ ಹೆಸರೇ ಇತ್ತು. ಚಿನ್ನದ ಗಟ್ಟಿಗಳೂ ಸಿಕ್ಕವು. 2021ರ ಅಕ್ಟೋಬರಿನಲ್ಲಿ ವಿದೇಶ ಪ್ರವಾಸದಿಂದ ಮರಳಿದ ಬೆನ್ನಿಗೇ ಅವರು ಒಂದು ಕಿಲೋ ಚಿನ್ನದ ಬೆಲೆ ಎಷ್ಟೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದ್ದರು. ಕತಾರಿನ ಹೂಡಿಕೆಗಾಗಿ ಕಾಯುತ್ತಿದ್ದ ಬಿಲ್ಡರ್ ಒಬ್ಬರ ಅನುಕೂಲಕ್ಕೆ ಕತಾರ್ ಸರ್ಕಾರಕ್ಕೆ ಹಿತವಾಗುವಂತೆ ನಡೆದುಕೊಂಡರು ಎಂಬುದೂ ಆರೋಪಗಳಲ್ಲಿತ್ತು. 2024ರ ಜುಲೈ 16ರಂದು ಜ್ಯೂರಿ 16 ಆರೋಪಗಳಲ್ಲೂ ಅವರನ್ನು ತಪ್ಪಿತಸ್ಥರೆಂದಿತು; ಮುಂದಿನ ಜನವರಿಯಲ್ಲಿ 11 ವರ್ಷದ ಶಿಕ್ಷೆಯಾಯಿತು. ಯುರೋಪಿನದು ಇನ್ನೂ ಮನ ಕಲಕುವ ಸಂಗತಿ. ಇಟಲಿಯ ಆಂಟೋನಿಯೊ ಪಂಝೇರಿ ಯುರೋಪಿಯನ್ ಪಾರ್ಲಿಮೆಂಟಿನ ಮಾನವ ಹಕ್ಕು ಉಪಸಮಿತಿಯ ಅಧ್ಯಕ್ಷರಾಗಿದ್ದವರು. ತಪ್ಪು ಮಾಡಿದವರು ಶಿಕ್ಷೆಯಿಂದ ಪಾರಾಗಬಾರದೆಂದು ಹೋರಾಡಲು ‘ಫೈಟ್ ಇಂಪ್ಯೂನಿಟಿ’ ಎಂಬ ಸಂಸ್ಥೆಯನ್ನೇ ಕಟ್ಟಿದ್ದರು. 2022ರ ಡಿಸೆಂಬರಿನಲ್ಲಿ ಬೆಲ್ಜಿಯಂ ಪೊಲೀಸರು ನಡೆಸಿದ ಶೋಧಗಳಲ್ಲಿ ಸುಮಾರು 15 ಲಕ್ಷ ಯೂರೋ ನಗದು ಸಿಕ್ಕಿತು. ಅದರಲ್ಲಿ ಒಂದು ಪಾಲು ಅವರ ಮನೆಯಲ್ಲಿತ್ತು. ಮುಂದಿನ ತಿಂಗಳು ಅವರು ಪ್ರಾಸಿಕ್ಯೂಷನ್ ಜತೆ ಒಪ್ಪಂದಕ್ಕೆ ಬಂದು ತಮ್ಮ ಪಾತ್ರವನ್ನು ಒಪ್ಪಿಕೊಂಡರು. ಆ ಹಣದ ಹಿಂದೆ ತಾನಿದ್ದೆನೆಂಬ ಆರೋಪವನ್ನು ಕತಾರ್ ತಳ್ಳಿಹಾಕಿದೆ. ಆರೋಪ ನಿರಾಕರಿಸಿದ ಉಳಿದವರ ಹೆಸರನ್ನು ಇಲ್ಲಿ ಎತ್ತಿದರೆ, ಈ ಲೇಖನ ಬೇಡವೆನ್ನುವ ಕೆಲಸವನ್ನೇ ಮಾಡಿದಂತಾಗುತ್ತದೆ.

ಪಂಝೇರಿ ಅವರ ತಪ್ಪು ದೋಹಾದವರ ಪರಿಚಯ ಇಟ್ಟುಕೊಂಡದ್ದಲ್ಲ. ಕತಾರಿನಲ್ಲಿ ದುಡಿಯುವ ಬಡ ಕಾರ್ಮಿಕನ ಪರವಾಗಿ ಆಡಬೇಕಾದ ಮಾತನ್ನು ಅಡವಿಟ್ಟದ್ದು, ಅಡವಿಟ್ಟ ಮೇಲೂ ಅದೇ ಮಾತಿನ ಗೌರವವನ್ನು ಅನುಭವಿಸುತ್ತ ಹೋದದ್ದು. ಡಂಭಾಚಾರ ಎಂದರೆ ಇದೇ. ಕತಾರಿನವರ ಧರ್ಮವೂ ಇದನ್ನೇ ಹೇಳುತ್ತದೆ. ಮುನಾಫಿಕ್, ಅಂದರೆ ಕಪಟಿಯ ಮೂರು ಲಕ್ಷಣಗಳನ್ನು ಪ್ರವಾದಿಯವರ ಪ್ರಸಿದ್ಧ ಹದೀಸ್ ಎಣಿಸುತ್ತದೆ: ಸುಳ್ಳಾಡುವುದು, ಮಾತು ತಪ್ಪುವುದು, ನಂಬಿ ಒಪ್ಪಿಸಿದ್ದಕ್ಕೆ ದ್ರೋಹ ಬಗೆಯುವುದು. ಮೂರರಲ್ಲಿ ಒಂದೂ ಕುಲದ ಮಾತಲ್ಲ, ಒಂದೂ ಗೆಳೆತನದ ಮಾತಲ್ಲ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದು ಕುರ್‌ಆನಿನ ನಿಲುವೂ ಹೌದು. ನಮ್ಮ ಶರಣರು ಹಿಡಿದದ್ದೂ ಇದೇ ಅಳತೆ: ನಡೆ ಮತ್ತು ನುಡಿ. 12ನೇ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಮೇಲೆ ಬಂದ ದೂರುಗಳಲ್ಲಿ ಒಂದು ಸಂಗದ ದೂರೇ ಆಗಿತ್ತು. ಅಂತ್ಯಜರ ಜತೆ ಕೂತರು, ಉಂಡರು ಎಂಬುದೂ ಅಪರಾಧವಾಗಿತ್ತು. ಸಂಗದಿಂದಲೇ ಮನುಷ್ಯ ಮೈಲಿಗೆಯಾಗುತ್ತಾನೆ ಎಂಬ ಲೆಕ್ಕ ಮೂಲದಲ್ಲಿ ಅಸ್ಪೃಶ್ಯತೆಯ ಲೆಕ್ಕ. ಅದು ಚುನಾವಣೆಯ ವೇಷ ತೊಟ್ಟು ಬಂದರೂ ಗುರುತು ಹಿಡಿಯಬೇಕು.

ಇದಕ್ಕೆ ಬಲವಾದ ಆಕ್ಷೇಪಗಳಿವೆ. ಸಹವಾಸ ಮನುಷ್ಯನನ್ನು ತಿದ್ದುತ್ತದೆ, ಕೆಡಿಸುತ್ತದೆ. ಗೆಳೆಯನ ದಾರಿಯೇ ನಿನ್ನ ದಾರಿಯಾಗುತ್ತದೆ, ನೋಡಿ ಗೆಳೆತನ ಮಾಡು ಎಂದು ಹದೀಸೂ ಹೇಳುತ್ತದೆ, ನಮ್ಮ ಹಿರಿಯರೂ ಹೇಳುತ್ತಾರೆ. ನಿಜ. ಆದರೆ ಅದು ನನಗೆ ನಾನು ಹೇಳಿಕೊಳ್ಳಬೇಕಾದ ಎಚ್ಚರ. ಇನ್ನೊಬ್ಬನ ಮೇಲೆ ಹೊರಿಸುವ ಸಾಕ್ಷ್ಯವಾದ ಕೂಡಲೇ ಅದರ ಧರ್ಮ ಕೆಡುತ್ತದೆ. ಎರಡನೆಯದು ಇನ್ನೂ ಗಟ್ಟಿ: ಹಂಗು ಕತ್ತಲಲ್ಲಿ ಇರುತ್ತದೆ, ಬೆಳಕಿನಲ್ಲಿ ಕಾಣುವುದು ಸಂಗ ಒಂದೇ, ಅದನ್ನೂ ಬಿಟ್ಟರೆ ಮತದಾರ ಯಾವ ಜಾಡು ಹಿಡಿಯಬೇಕು? ಜಾಡು ಹಿಡಿಯಲಿ, ಆದರೆ ಜಾಡು ಹಿಡಿದ ಕ್ಷಣವೇ ಕಳ್ಳ ಸಿಕ್ಕ ಎಂದು ಕೂಗಬಾರದು. ಬ್ರಸೆಲ್ಸಿನಲ್ಲಿ ಪೊಲೀಸರು ಹುಡುಕಿದ್ದು ಹಣವನ್ನು, ಸ್ನೇಹದ ಫೋಟೋಗಳನ್ನಲ್ಲ. ಆಡಿದ ಮಾತಿನಂತೆ ಪೂರ್ತಿ ನಡೆದವರು ಯಾರಿದ್ದಾರೆ, ಎಲ್ಲರೂ ಡಾಂಭಿಕರೇ ಅಲ್ಲವೇ ಎಂಬುದು ಮೂರನೆಯ ಆಕ್ಷೇಪ. ಎಡವಿದವನು ಬೇರೆ, ಡಾಂಭಿಕ ಬೇರೆ. ಎಡವಿದವನಿಗೆ ತನ್ನ ಆದರ್ಶದ ಮುಂದೆ ನಾಚಿಕೆಯಿದೆ; ಡಾಂಭಿಕ ಆ ಆದರ್ಶವನ್ನೇ ಬಂಡವಾಳ ಮಾಡಿಕೊಂಡಿದ್ದಾನೆ.

ದೋಹಾದಲ್ಲಿ ದುಡಿಯುವ ಕನ್ನಡಿಗರಿಗೆ ಷೂರಾ ಚುನಾವಣೆಯಲ್ಲಿ ಮತವಿರಲಿಲ್ಲ. ಆದರೆ ಭಾರತೀಯ ರಾಯಭಾರ ಕಚೇರಿಯ ಆಶ್ರಯದಲ್ಲಿರುವ ಐಸಿಸಿ, ಐಸಿಬಿಎಫ್‌ನಂಥ ಭಾರತೀಯ ಸಮುದಾಯದ ಸಂಸ್ಥೆಗಳಿಗೆ ಅವರೂ ಪದಾಧಿಕಾರಿಗಳನ್ನು ಆರಿಸುತ್ತಾರೆ. ಊರಿಗೆ ಬಂದಾಗ ಇಲ್ಲಿಯೂ ಮತ ಹಾಕುತ್ತಾರೆ. ಅಲ್ಲಿಯಾಗಲಿ ಇಲ್ಲಿಯಾಗಲಿ, ಅಭ್ಯರ್ಥಿಯ ಬಗ್ಗೆ ನಮ್ಮ ಬಾಯಿಗೆ ಮೊದಲು ಬರುವ ಪ್ರಶ್ನೆ ಒಂದೇ: ಯಾವ ಜನ? ಅದರ ಬದಲು ಯಾರ ಹಂಗಿನಲ್ಲಿದ್ದಾರೆ, ಆ ಹಂಗು ತೀರಿಸಲು ಯಾರ ಪಾಲನ್ನು ಕೊಡುತ್ತಾರೆ ಎಂದು ಕೇಳುವ ರೂಢಿ ಬೆಳೆಯಬೇಕು. ಈಚಲು ಮರದ ಕೆಳಗೆ ಕೂತವನ ಲೋಟವನ್ನು ಹತ್ತಿರ ಹೋಗಿ ನೋಡುವ ಶ್ರಮ ಮತದಾರನ ಧರ್ಮ. ಆ ಶ್ರಮಕ್ಕೆ ಬೇಸರಪಟ್ಟರೆ ಮಜ್ಜಿಗೆಯವನಿಗೆ ಅನ್ಯಾಯವಾಗುತ್ತದೆ. ತುಳಸಿಕಟ್ಟೆಯ ಮೇಲೆ ಕೂತು ಹೆಂಡ ಕುಡಿಯುವವನು ಸಲೀಸಾಗಿ ಗೆಲ್ಲುತ್ತಾನೆ.